ತಪ್ಪಿಲ್ಲದ ವಾಕ್ಯ

“ಗುರುಗಳೇ, ನನ್ನ ವಿದ್ಯಾರ್ಥಿಗಳು ವಾಕ್ಯರಚನೆಯ ನಿಯಮಗಳನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಾರೆ. ಬರೆಯಲು ಕೂತರೆ ಮಾತ್ರ ಪದಗಳೆಲ್ಲ ಚೆಲ್ಲಾಪಿಲ್ಲಿ. ನಿಯಮ ಗೊತ್ತಿದ್ದೂ ಮಾತು ಏಕೆ ಕೂಡಿಬರುವುದಿಲ್ಲ?” ಎಂದು ಶಿಷ್ಯ ಕೇಳಿದ. ಅವನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ.

ಗುರುಗಳು ಒಂದು ಕತೆ ಹೇಳಿದರು.

ಥಾಯ್ಲೆಂಡಿನ ಉತ್ತರದಲ್ಲಿ, ಗುಡ್ಡಗಳ ತಪ್ಪಲಲ್ಲಿ ಒಂದು ಪ್ರೌಢಶಾಲೆ. ಅಲ್ಲಿ ವಿಮೊನ್ ಎಂಬ ಉಪಾಧ್ಯಾಯಿನಿ ಥಾಯ್ ಭಾಷೆ ಕಲಿಸುತ್ತಿದ್ದರು. ಮಕ್ಕಳು ಅವರನ್ನು ‘ಖ್ರೂ’ ಎಂದು ಕರೆಯುತ್ತಿದ್ದರು. ನಮ್ಮ ಗುರು ಎಂಬ ಮಾತೇ ಅಲ್ಲಿಗೆ ಹೋಗಿ ಹಾಗಾಗಿದೆ.

ಥಾಯ್ ಮಾತಿಗೆ ವಿಭಕ್ತಿಯಿಲ್ಲ. ನಾವು ‘ಬೆಕ್ಕು ಇಲಿಯನ್ನು ಹಿಡಿಯಿತು’ ಎನ್ನಬಹುದು, ‘ಇಲಿಯನ್ನು ಬೆಕ್ಕು ಹಿಡಿಯಿತು’ ಎನ್ನಬಹುದು. ಎರಡರಲ್ಲೂ ಸಿಕ್ಕಿಬಿದ್ದದ್ದು ಇಲಿಯೇ. ಅಲ್ಲಿ ಹಾಗಲ್ಲ. ಬೆಕ್ಕು ಮೊದಲು, ಹಿಡಿಯುವುದು ನಡುವೆ, ಇಲಿ ಕೊನೆಗೆ. ಜಾಗ ಅದಲುಬದಲಾದರೆ ಇಲಿಯೇ ಬೆಕ್ಕನ್ನು ಹಿಡಿದಂತೆ.

ತರಗತಿಯಲ್ಲಿ ನಾಷಿ ಎಂಬ ಹುಡುಗಿಯಿದ್ದಳು. ಗುಡ್ಡದ ಮೇಲಿನ ಲಾಹು ಜನರ ಮಗಳು. ಅವಳ ಮನೆಮಾತು ನಮ್ಮ ಮಾತಿನ ಹಾಗೆ. ಕ್ರಿಯಾಪದ ಕೊನೆಗೆ ಬರುತ್ತದೆ. ಯಾರು ಯಾರನ್ನು ಎಂಬುದನ್ನು ಪದದ ಕೊನೆಗೆ ಅಂಟಿದ ಒಂದು ತುಣುಕು ಹೇಳುತ್ತದೆ. ಥಾಯ್ ಮಾತಾಡುವಾಗಲೂ ಅವಳ ಕ್ರಿಯಾಪದ ಕೊನೆಗೆ ಹೋಗಿ ಕೂರುತ್ತಿತ್ತು. ಮಕ್ಕಳು ನಗುತ್ತಿದ್ದರು. ಅವಳು ಮಾತಾಡುವುದನ್ನೇ ಕಡಿಮೆ ಮಾಡಿದಳು. ಅವಳನ್ನು ಬಿಡದೆ ಮಾತಾಡಿಸುತ್ತಿದ್ದವನು ಪ್ರಸಿತ್ ಎಂಬ ಹುಡುಗನೊಬ್ಬನೇ. ಅವನಿಗೆ ಎಲ್ಲರ ಹತ್ತಿರವೂ ಹರಟೆ ಬೇಕು.

ವಿಮೊನ್ ಕೆಟ್ಟವರಲ್ಲ. ಪರೀಕ್ಷೆ ಹತ್ತಿರ ಬಂದಿತ್ತು, ನಾಷಿ ಫೇಲಾಗಿಬಿಡುತ್ತಾಳೆ ಎಂಬ ಚಿಂತೆ ಅವರಿಗೆ. “ಕ್ರಿಯಾಪದ ನಡುವೆ ನಾಷಿ, ನಡುವೆ!” ಎಂದು ಮೇಜು ಕುಟ್ಟಿ ಕುಟ್ಟಿ ಹೇಳುತ್ತಿದ್ದರು.

ಒಂದು ಬೆಳಿಗ್ಗೆ ಅವರು ಮಕ್ಕಳನ್ನು ಶಾಲೆಯ ಅಂಗಳಕ್ಕೆ ಕಳಿಸಿದರು. ಕಂಡದ್ದನ್ನು ಕುರಿತು ಒಂದೊಂದು ವಾಕ್ಯ ಕಟ್ಟಿಕೊಂಡು ಬರಬೇಕು. ಒಬ್ಬೊಬ್ಬರಾಗಿ ಬಂದು ಒಪ್ಪಿಸಿದರು. ಕೋಳಿ ಹುಳ ತಿಂದಿತು. ಅಡುಗೆಯವಳು ಸೊಪ್ಪು ಹೆಚ್ಚಿದಳು. ಎಲ್ಲವೂ ಸರಿಯಾಗಿದ್ದವು. ನಾಷಿ, ಪ್ರಸಿತ್ ಇಬ್ಬರೇ ಇನ್ನೂ ಬಂದಿರಲಿಲ್ಲ.

ನಾಷಿ ಕೊನೆಗೆ ಓಡುತ್ತ ಬಂದು ಬಾಗಿಲಲ್ಲಿ ನಿಂತಳು. ಅವಳ ಮನಸ್ಸೆಲ್ಲ ಪ್ರಸಿತ್‌ನ ಮೇಲೆ. ಆದ್ದರಿಂದ ಮೊದಲು ಪ್ರಸಿತ್ ಎಂದಳು. ಲಾಹು ಮಾತಿನಲ್ಲಿ ಹಾಗೆ ಶುರುಮಾಡಿದರೂ ನಡೆಯುತ್ತದೆ. ಅಷ್ಟರಲ್ಲಿ ಖ್ರೂ ಮೇಜು ಕುಟ್ಟಿದ್ದು ನೆನಪಾಯಿತು. ಕ್ರಿಯಾಪದವನ್ನು ಎಳೆದು ನಡುವೆ ತಂದಳು.

“ಪ್ರಸಿತ್ ಕಚ್ಚು ಹಾವು!”

ತರಗತಿ ಬಿದ್ದು ಬಿದ್ದು ನಕ್ಕಿತು. ಪ್ರಸಿತ್ ಹಾವನ್ನು ಕಚ್ಚಿದನಂತೆ! ವಿಮೊನ್ ಅವರ ಮುಖ ಅರಳಿತು.

“ಭೇಷ್ ನಾಷಿ! ಅಂತೂ ಕ್ರಿಯಾಪದ ನಡುವೆ ಬಂತು. ಒಂದು ತಪ್ಪೂ ಇಲ್ಲ. ಹೋಗಿ ಕೂತುಕೋ.”

ನಾಷಿ ಕೂರಲಿಲ್ಲ. ನಗುತ್ತಿದ್ದ ಖ್ರೂ ಮುಖವನ್ನು ನೋಡಿದಳು. ಅಲ್ಲೇ ಕುಕ್ಕರಿಸಿ, ಎರಡು ಬೆರಳಿನಿಂದ ತನ್ನ ಹಿಮ್ಮಡಿಯನ್ನು ಕುಕ್ಕಿ ಕುಕ್ಕಿ ತೋರಿಸಿದಳು. ತನ್ನ ಮಾತಿನಲ್ಲೇ ಕೂಗಿ ಹೇಳಿದಳು. ಅಳತೊಡಗಿದಳು. ಆಗ ವಿಮೊನ್‌ಗೆ ತಿಳಿಯಿತು. ಚಪ್ಪಲಿಯನ್ನೂ ಮೆಟ್ಟದೆ ಓಡಿದರು.

ಪ್ರಸಿತ್ ಹುಣಸೆಮರದ ಕೆಳಗೆ ಕಾಲು ಹಿಡಿದು ಕೂತಿದ್ದ. ಮುಖ ಬಿಳಿಚಿಕೊಂಡಿತ್ತು. ಆಸ್ಪತ್ರೆಗೆ ಒಯ್ದರು. ಕಚ್ಚಿದ್ದು ವಿಷದ ಹಾವಲ್ಲ ಎಂದು ಡಾಕ್ಟರು ಹೇಳಿದರು.

ಮರುದಿನ ಪ್ರಸಿತ್ ಕಾಲಿಗೆ ಪಟ್ಟಿ ಕಟ್ಟಿಕೊಂಡು, ಯುದ್ಧ ಗೆದ್ದವನ ಹಾಗೆ ತರಗತಿಗೆ ಬಂದ. ವಿಮೊನ್ ಪುಸ್ತಕ ತೆರೆಯಲಿಲ್ಲ. ನಾಷಿಯ ಬೆಂಚಿಗೆ ಹೋಗಿ ಅವಳ ಪಕ್ಕದಲ್ಲಿ ಕೂತರು.

“ನಿನ್ನೆ ನಿನ್ನ ಮಾತಿನಲ್ಲಿ ಕೂಗಿದೆಯಲ್ಲ ಮಗು, ಅದನ್ನು ನಮಗೆ ಕಲಿಸು.”

ನಾಷಿ ಹೇಳಿಕೊಟ್ಟಳು. ಎಲ್ಲರೂ ಹೇಳಿ ನೋಡಿದರು. ಪ್ರಸಿತ್‌ಗೆ ಅಂಟಿಸಬೇಕಾದ ತುಣುಕನ್ನು ಹಾವಿಗೆ ಅಂಟಿಸಿದರು. ವಿಮೊನ್ ಕೂಡ ಹಾಗೇ ಮಾಡಿದರು. ಒಬ್ಬೊಬ್ಬರು ಬಾಯಿ ತೆರೆದಾಗಲೂ ಪ್ರಸಿತ್ ಹಾವನ್ನು ಕಚ್ಚುತ್ತಲೇ ಹೋದ. “ಪಾಪ, ಆ ಹಾವನ್ನು ಇನ್ನಾದರೂ ಬಿಡಿ!” ಎಂದು ಅವನೇ ಕೂಗಿದ. ನಾಷಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ತರಗತಿಯಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಆಮೇಲೆ ಪ್ರಸಿತ್ ನಡೆದದ್ದನ್ನು ಹೇಳಲು ನಿಂತ. ಹಾವು ತೊಡೆಗಾತ್ರದ್ದು ಎಂದ. ಹೆಡೆ ತನ್ನ ಎದೆಯವರೆಗೆ ಬಂತು ಎಂದ. ನಾಷಿಗೆ ತಡೆಯಲಾಗಲಿಲ್ಲ. ಅವಳು ಕಣ್ಣಾರೆ ಕಂಡವಳು. ಎದ್ದು ನಿಂತು, ಬೆರಳು ಎತ್ತಿ ಇಷ್ಟೇ ದಪ್ಪ ಎಂದು ತೋರಿಸಿ, ಥಾಯ್ ಮಾತಿನಲ್ಲಿ ನಿಲ್ಲದೆ ಹೇಳಿದಳು:

“ಪ್ರಸಿತ್ ತುಳಿ ಹಾವು. ಹಾವು ಕಚ್ಚು ಪ್ರಸಿತ್. ನಾಷಿ ಕರೆ ಖ್ರೂ. ಖ್ರೂ ಹೊಗಳು ನಾಷಿ!”

ಒಂದು ಪದವೂ ತನ್ನ ಜಾಗ ಬಿಟ್ಟು ಕದಲಿರಲಿಲ್ಲ. ಅದನ್ನು ಯಾರೂ ಗಮನಿಸಲೂ ಇಲ್ಲ. ತರಗತಿಗೆ ತರಗತಿಯೇ ನಗುತ್ತಿತ್ತು. ವಿಮೊನ್ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದರು. ಅಂದಿನಿಂದ ನಾಷಿಯ ಬಾಯಿ ಮುಚ್ಚಿಸುವುದೇ ಅವರಿಗೆ ಕಷ್ಟವಾಯಿತು. ಪರೀಕ್ಷೆಯಲ್ಲಿ ಅವಳು ಪಾಸಾದಳು.

ಗುರುಗಳು ಕತೆ ಮುಗಿಸಿದರು. ಶಿಷ್ಯನೂ ನಕ್ಕ. ಆಮೇಲೆ ಕೇಳಿದ: “ಹಾಗಾದರೆ ನಿಯಮಗಳನ್ನು ಕಲಿಸುವುದು ಬಿಟ್ಟುಬಿಡಲೇ ಗುರುಗಳೇ?”

“ಬಿಡಬೇಡ, ಆದರೆ ಮಕ್ಕಳಿಗೆ ದಿನವೂ ವಾಕ್ಯ ಹೇಳಿ ಎನ್ನುತ್ತೀಯಲ್ಲ, ಏನಾಯಿತು ಹೇಳಿ ಎಂದು ಒಮ್ಮೆಯಾದರೂ ಕೇಳಿದ್ದೀಯಾ?”