ಮೂರನೆಯ ದಿನದ ಹಿಟ್ಟು

ದೋಸೆ ಹಿಟ್ಟಿಗೆ ಅದು ಮೂರನೆಯ ದಿನ. ಇವತ್ತು ಒಲೆ ಸೇರದಿದ್ದರೆ ತನ್ನನ್ನು ಚೆಲ್ಲುತ್ತಾರೆ ಎಂಬುದು ಅದಕ್ಕೆ ಚೆನ್ನಾಗಿ ಗೊತ್ತಿತ್ತು. ದೋಸೆಯಾದರೂ ಸರಿ, ಪಡ್ಡಾದರೂ ಸರಿ ಎಂದು ಪಾತ್ರೆಯಲ್ಲಿ ಕಾದು ಕುಳಿತಿತ್ತು.

ಆದರೆ ಡಬ್ಬಿಗೆ ಒರಗಿಸಿಟ್ಟಿದ್ದ ಮೊಬೈಲಿನಲ್ಲಿ, ಭೂಮಿ ಚಪ್ಪಟೆಯೋ ಗುಂಡೋ ಎಂದು ಜನ ಜಗಳವಾಡುವುದನ್ನು ಕೇಳಿ, ಒಲೆಯ ಪಕ್ಕದ ಕಾವಲಿಗೂ ಪಡ್ಡಿನ ಹಂಚಿಗೂ ಜ್ಞಾನೋದಯವಾಗಿತ್ತು.

"ಇಪ್ಪತ್ತು ವರ್ಷದ ಅನುಭವ ನನ್ನದು. ನನ್ನ ಮೇಲೆ ಬಿದ್ದದ್ದೆಲ್ಲ ಚಪ್ಪಟೆಯೇ. ಭೂಮಿಗೆ ಮಾತ್ರ ಬೇರೆ ಕಾನೂನೇ?" ಎಂದಿತು ಕಾವಲಿ.

"ನನ್ನಿಂದ ಎದ್ದದ್ದೆಲ್ಲ ಗುಂಡಗೆ. ಇದಕ್ಕಿಂತ ಪುರಾವೆ ಬೇಕೇನಯ್ಯ?" ಎಂದಿತು ಹಂಚು.

ತಟ್ಟೆಗಳೆಲ್ಲ ಕಾವಲಿಯ ಪರ ನಿಂತವು, ಚೊಂಬುಗಳೆಲ್ಲ ಹಂಚಿನ ಪರ.

ಭೂಮಿ ಗುಂಡಗಿರುವುದು ನಿಜವೇ, ಆದರೆ ಅದು ಪಡ್ಡಿನಿಂದ ಸಾಬೀತಾದದ್ದಲ್ಲ ಎಂದು ಹಿಟ್ಟಿಗೆ ಅನ್ನಿಸಿತು. ಅದನ್ನು ವಿವರಿಸುವಷ್ಟು ಪುರುಸೊತ್ತು ಅದಕ್ಕಿರಲಿಲ್ಲ.

"ಅಣ್ಣಂದಿರೇ, ಯಾರಾದರೊಬ್ಬರು ಒಲೆ ಹತ್ತಿ. ನಾನು ಉಕ್ಕುತ್ತಿದ್ದೇನೆ," ಎಂದು ಬೇಡಿಕೊಂಡಿತು.

"ಮೊದಲು ನೀನು ಯಾರ ಕಡೆ, ಅದನ್ನು ಹೇಳು," ಎಂದವು ಎರಡೂ. ಆ ಬೆಳಿಗ್ಗೆ ಅವು ಒಮ್ಮತದಿಂದ ಆಡಿದ ಮಾತು ಅದೊಂದೇ.

ಹಿಟ್ಟು ಉತ್ತರ ಹುಡುಕುವಷ್ಟರಲ್ಲಿ ಮುಚ್ಚಳ ತಳ್ಳಿಕೊಂಡು ಉಕ್ಕಿ, ಕಟ್ಟೆಯ ಮೇಲೆಲ್ಲ ಹರಡಿಕೊಂಡಿತು.

"ನೋಡಿದೆಯಾ, ಚಪ್ಪಟೆ," ಎಂದಿತು ಕಾವಲಿ.

"ಅಂಚಿನಿಂದ ತೊಟ್ಟಿಕ್ಕುವ ಹನಿ ನೋಡು, ಗುಂಡು," ಎಂದಿತು ಹಂಚು.

ಒರೆಸುವ ಬಟ್ಟೆ ಬಂದು ಎರಡೂ ಪುರಾವೆಗಳನ್ನು ಒಂದೇ ಸಲಕ್ಕೆ ಒರೆಸಿಕೊಂಡು ಹೋಯಿತು. ಆ ದಿನ ಮನೆಯವರು ಅವಲಕ್ಕಿ ತಿಂದರು.