ಚೌಕದೊಳಗಿನ ನಾಲ್ವರು

ಹತ್ತಿರ ಬನ್ನಿ, ದನಿ ತಗ್ಗಿಸಿ ಹೇಳಬೇಕಾದ ಸಂಗತಿ. ಇದು ಹೊಳೆ ದಾಟಬಾರದು. ದಾಟಿದರೆ, ಹೇಳಿದವರೂ ಇಲ್ಲ, ಕೇಳಿದವರೂ ಇಲ್ಲ.

ಹೊಳೆದಂಡೆಯ ಆಶ್ರಮದಲ್ಲಿ ನೀಲವ್ವ ಎಂಬ ಶಿಷ್ಯೆ. ಬುದ್ಧಿ ಚುರುಕು, ಜಂಬ ಅದಕ್ಕಿಂತ ಒಂದು ಕೈ ಮೇಲು. ಇದು ನಡೆದ ಮರುದಿನವೇ ಅವಳು ಪಾಠ ಹೇಳುವ ಗದ್ದುಗೆ ಏರುವವಳು.

ಅಲ್ಲಿನ ಲೆಕ್ಕದಲ್ಲಿ ಅಂಕೆ ಎರಡೇ: ಸೊನ್ನೆ, ಒಂದು. ಒಂದಕ್ಕೆ ಒಂದು ಕೂಡಿದರೆ ತಿರುಗಿ ಸೊನ್ನೆ. ಈ ಅಂಕೆಗಳನ್ನು ನಾಲ್ಕು ಮನೆಯ ಚೌಕದಲ್ಲಿ ಕೂರಿಸಿ, ಚೌಕಕ್ಕೆ ಚೌಕ ಗುಣಿಸುವುದು ಅವರ ವಿದ್ಯೆ. ಮನೆಗೆ ಮನೆ ಗುಣಿಸುವುದಲ್ಲ; ಮೊದಲ ಚೌಕದ ಅಡ್ಡಸಾಲನ್ನು ಎರಡನೆಯದರ ಉದ್ದಸಾಲಿನೊಂದಿಗೆ ಜೋಡಿಜೋಡಿಯಾಗಿ ಗುಣಿಸಿ, ಕೂಡಿ ಬಂದದ್ದನ್ನು ಆ ಎರಡು ಸಾಲು ಸೇರುವ ಮನೆಯಲ್ಲಿ ಇಡುವುದು.

ಗುರುವಿಗೊಂದು ಮಾತು ಹೇಳದೆ ನೀಲವ್ವ ಪಾಠದ ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ಬರೆದುಬಿಟ್ಟಳು: 'ಯಾವ ಚೌಕವನ್ನಾದರೂ ಅದರಿಂದಲೇ ಗುಣಿಸಿ, ಅದೇ ಬರುತ್ತದೆ.' ಧೈರ್ಯ ನೋಡಿ!

ಪಕ್ಕದ ಗುಡಿಸಲಿನ ಗುರು ಬಸಲಿಂಗಜ್ಜ ಬಂದು ಓದಿದರು.

"ಹೇಗೆ ಗೊತ್ತಾಯಿತವ್ವ?"

"ಸೊನ್ನೆಗೆ ಸೊನ್ನೆ ಗುಣಿಸಿದರೆ ಸೊನ್ನೆ. ಒಂದಕ್ಕೆ ಒಂದು ಗುಣಿಸಿದರೆ ಒಂದು. ಚೌಕದೊಳಗೆ ಕೂತವರೂ ಇವರೇ ಅಲ್ಲವೇ, ಅಜ್ಜ?"

ಅಜ್ಜ ಮರಳಲ್ಲಿ ಚೌಕ ಎಳೆದರು. ಮೇಲಿನ ಸಾಲಿನ ಬಲಮನೆಗೆ ಒಂದು, ಮಿಕ್ಕ ಮೂರಕ್ಕೂ ಸೊನ್ನೆ.

"ಗುಣಿಸು."

ಗುಣಿಸಿದಳು. ನಾಲ್ಕು ಮನೆಯಲ್ಲೂ ಸೊನ್ನೆ. ಮತ್ತೆ ಗುಣಿಸಿದಳು. ಮತ್ತೂ ಸೊನ್ನೆ.

ಮುಖ ಸುಟ್ಟ ಬದನೆಕಾಯಿಯಾಯಿತು. "ಒಬ್ಬೊಬ್ಬರೇ ಇದ್ದಾಗ ನೇಮ ಮುರಿಯಲಿಲ್ಲವಲ್ಲ!"

"ಒಬ್ಬೊಬ್ಬರೇ ಇದ್ದಾಗ ಅತ್ತೆಯೂ ಒಳ್ಳೆಯವಳೇ, ಸೊಸೆಯೂ ಒಳ್ಳೆಯವಳೇ."

"ಹಾಗಾದರೆ ಒಂದು ಮನೆಗೆ ಸೇರಿದವರಿಗೆ ನೇಮವೇ ಇಲ್ಲವೇ?"

"ಇಂಥ ಚೌಕ ಎಷ್ಟಿವೆ?"

"ಹದಿನಾರು."

"ಎಷ್ಟರ ಬಾಗಿಲು ತಟ್ಟಿದೆ?"

ನೀಲವ್ವ ಸೆರಗು ಸಿಕ್ಕಿಸಿ ಮರಳಲ್ಲಿ ಕೂತಳು. ಊಟಕ್ಕೆ ಕರೆದರೂ ಏಳಲಿಲ್ಲ. ಹೊತ್ತು ಇಳಿಯುವಾಗ ಓಡಿ ಬಂದಳು.

"ಅಜ್ಜ, ಒಂದೇ ಚೌಕವನ್ನು ಎಂಟು ಸಲ ಇಟ್ಟು ಗುಣಿಸಿದರೂ, ಎರಡು ಸಲ ಇಟ್ಟು ಗುಣಿಸಿದ ಉತ್ತರವೇ! ಹದಿನಾರೂ ಕೇಳಿಯೇ ಬಂದೆ. ಒಂದೂ ತಪ್ಪಲಿಲ್ಲ."

"ಇದು ನೇಮ," ಎಂದರು ಅಜ್ಜ.

ಅವಳ ಕೈಯಲ್ಲಿ ಸುಣ್ಣದ ಗಡಿಗೆಯಿತ್ತು. "ಗೋಡೆಗೆ ಈಗಲೇ ಬಳಿದುಬಿಡುತ್ತೇನೆ. ಆ ಬರಹ ನಾಳೆ ಜನರ ಕಣ್ಣಿಗೆ ಬಿದ್ದರೆ ಗದ್ದುಗೆಯೂ ಹೋಯಿತು, ಮಾನವೂ ಹೋಯಿತು."

ಅಜ್ಜ ಅವಳ ಮುಖವನ್ನೇ ನೋಡಿ ಹೇಳಿದರು:

"ಬಳಿಯವ್ವ, ಬಳಿ. ನಾಳೆ ನಿನ್ನೆದುರು ಕೂರುವವರಿಗೂ ತಪ್ಪು ಬರೆಯಲು ಜಾಗ ಬೇಕಲ್ಲ."