ಬಾವಿಗೆ ಬಂದ ಬಳ್ಳಿ ಅಕ್ಷರ

ಕೊಟ್ರಪ್ಪನ ಅಚ್ಚುಕೂಟದಲ್ಲಿ ಮರದ ಅಚ್ಚುಮೊಳೆಗಳ ಒಂದು ಸೆಟ್ಟಿತ್ತು. ಪ್ರತಿ ಅಕ್ಷರದ ತಲೆಗೂ ಬಳ್ಳಿ, ಬಾಲಕ್ಕೂ ಬಳ್ಳಿ. ಮೂವತ್ತು ವರ್ಷ ನಾಟಕ ಕಂಪನಿಗಳ ಪೋಸ್ಟರುಗಳಲ್ಲೇ ಮೆರೆದ ಬಳ್ಳಿ ಅಕ್ಷರಕ್ಕೆ ಪಕ್ಕದ ಖಾನೆಯ ಸಾದಾ ಸೀಸದ ಮೊಳೆಯೆಂದರೆ ತಾತ್ಸಾರ.

ಒಂದು ದಿನ ಪಂಚಾಯ್ತಿಯಿಂದ ತುರ್ತು ಕೆಲಸ ಬಂತು. ಊರ ಬಾವಿಗೆ ಕೀಟನಾಶಕ ಬಿದ್ದಿದೆ, ನೋಟೀಸು ಅಂಟಿಸಬೇಕು: ‘ವಿಷದ ಬಾವಿ! ನೀರು ಮುಟ್ಟಬೇಡಿ!’

“ಇದು ನನ್ನ ಕೆಲಸ” ಎಂದಿತು ಸಾದಾ ಮೊಳೆ.

“ನಿನ್ನನ್ನು ಯಾರು ತಿರುಗಿ ನೋಡುತ್ತಾರೆ? ಜೀವದ ಪ್ರಶ್ನೆಯಿದು, ಚೆಲುವು ಬೇಕು” ಎಂದಿತು ಬಳ್ಳಿ ಅಕ್ಷರ. ಕೊಟ್ರಪ್ಪನಿಗೂ ಅದೇ ಸರಿಯೆನಿಸಿತು. ಕೆಂಪು ಮಸಿ ಬಳಿದು ಬಳ್ಳಿಯನ್ನೇ ಅಚ್ಚಿಗೇರಿಸಿದ.

ನೋಟೀಸು ನೋಡಲು ಬಾವಿಕಟ್ಟೆಯಲ್ಲಿ ಜನ ಮುಗಿಬಿದ್ದರು.

“ಹೊಸ ನಾಟಕ ಬಂದೈತಲ್ಲೋ! ‘ವಿಷದ ಬಾವಿ’! ಹೆಸರು ಭಾರಿ ಐತಿ” ಅಂದ ಗಾಡಿ ಹೊಡೆಯುವ ದ್ಯಾಮಣ್ಣ.

“ಅರ್ಥಾತ್ ‘ನೀರು ಮುಟ್ಟಬೇಡಿ’” ಎಂದು ಅವನ ಹೆಂಡತಿ ತಿದ್ದಿದಳು. “ಕಂಪನಿ ನಾಟಕ ಅಂದಮ್ಯಾಲೆ ಎರಡು ಹೆಸರು ಇರಬೇಕಲ್ಲ.”

ನಾಯಕಿಯ ಪಾರ್ಟು ಯಾರದೆಂದು ವಾದಿಸಿ ವಾದಿಸಿ ಎಲ್ಲರ ಗಂಟಲೂ ಒಣಗಿತು. ಅಲ್ಲೇ ಒಂದು ಕೊಡ ಸೇದಿ ಹಂಚಿಕೊಂಡು ಕುಡಿದರು.

ಮರುದಿನ ಆಸ್ಪತ್ರೆಗೆ ಹೋಗಿಬಂದ ಕೊಟ್ರಪ್ಪ, ಅಲ್ಲಿ ಕಂಡದ್ದನ್ನೆಲ್ಲ ಗೊಣಗಿಕೊಳ್ಳುತ್ತ ಸಾದಾ ಮೊಳೆಗಳನ್ನು ಜೋಡಿಸತೊಡಗಿದ.

“ಜನ ನನ್ನ ಬಗ್ಗೆ ಏನಂದರಂತೆ?” ಬಳ್ಳಿ ಅಕ್ಷರ ದೂರದಿಂದಲೇ ಕೇಳಿತು.

“ಬಹಳ ಮೆಚ್ಚಿದ್ದಾರೆ” ಎಂದಿತು ಸಾದಾ ಮೊಳೆ. “ವಾಂತಿ ನಿಂತಾಗಲೆಲ್ಲ ಕೇಳುತ್ತಿದ್ದಾರಂತೆ, ಆಟ ಎಷ್ಟು ಗಂಟೆಗೆ ಎಂದು.”